ಗೆರೆ ಸರಿದರೆ ಮಕ್ಕಳೂ ಸರಿಯಬೇಕೇ?

ಅಮೆರಿಕದ ನಾರ್ತ್ ಕ್ಯಾರೊಲೈನಾದ ವೇಕ್ ಕೌಂಟಿಯಲ್ಲಿ ಹೊಸ ಹೈಸ್ಕೂಲು ತೆರೆದಾಗಲೆಲ್ಲ ಸುತ್ತಲಿನ ಶಾಲೆಗಳ ಗಡಿ, ಅಂದರೆ ಯಾವ ಮನೆಯ ಮಕ್ಕಳು ಯಾವ ಸರ್ಕಾರಿ ಶಾಲೆಗೆ ಅನ್ನುವ ಗೆರೆ, ಬದಲಾಗುತ್ತದೆ. ಅಲ್ಲಿ ಹೈಸ್ಕೂಲು ಅಂದರೆ 9ರಿಂದ 12ನೇ ಕ್ಲಾಸು. ಒಂದು ಶಾಲೆಯಲ್ಲಿ 9 ಮುಗಿಸಿದ ಮಕ್ಕಳನ್ನು 10ಕ್ಕೆ ಹೊಸ ಶಾಲೆಗೆ ಕಳಿಸುವುದು ಸರಿಯೇ? ಕ್ಯಾರಿ ಊರಿನ ಒಂದೇ ಬೀದಿಯ ಇಬ್ಬರು ಕನ್ನಡಿಗರು ಬರೆದಿದ್ದಾರೆ.

ಪರ: ಕಟ್ಟಿದ್ದು ಖಾಲಿ ಇಡಲಿಕ್ಕಲ್ಲ

ಮೊದಲು ನನ್ನ ತಪ್ಪೊಪ್ಪಿಗೆ. ಈ ಮನೆ ಕೊಳ್ಳುವಾಗ ನಾನು ಅಡುಗೆಮನೆ ನೋಡಿದ್ದು ಆಮೇಲೆ. ಮೊದಲು ನೋಡಿದ್ದು ಇದು ಯಾವ ಹೈಸ್ಕೂಲಿಗೆ ಬರುತ್ತದೆ ಅಂತ. ಅದಕ್ಕಾಗಿ ಜಾಸ್ತಿ ದುಡ್ಡೂ ಕೊಟ್ಟೆ. ಬೆಂಗಳೂರಿನಲ್ಲಿದ್ದಿದ್ದರೆ ಡೊನೇಷನ್ ಅಂತ ಒಂದೇ ಸಲ ಕೊಟ್ಟು ಮುಗಿಸುತ್ತಿದ್ದೆ. ಇಲ್ಲಿ ಅದನ್ನೇ ಮೂವತ್ತು ವರ್ಷದ ಕಂತಿನಲ್ಲಿ ಕೊಡುತ್ತಿದ್ದೇನೆ. ಹಾಗಾಗಿ ಗಡಿ ಬದಲಾಗುತ್ತದೆ ಅಂದ ಕೂಡಲೇ ಹೊಟ್ಟೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗುವುದು ನನಗೂ ಗೊತ್ತು. ಆದರೆ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಮಕ್ಕಳ ಮನಸ್ಸು, ಮಕ್ಕಳ ಮನಸ್ಸು ಅಂತ ಬರೆಯುವಾಗ ಸ್ವಲ್ಪ ನಗು ಬರುತ್ತದೆ. ಅದರಲ್ಲಿ ಅರ್ಧ ಮಾತು ಮನೆಯ ಬೆಲೆಯದು, ಅಲ್ವಾ?

ಈ ಗಲಾಟೆಗೆ ಕಾರಣ ಯಾರೋ ಅಧಿಕಾರಿಯ ಹಟವಲ್ಲ. 1980ರಲ್ಲಿ ಕ್ಯಾರಿಯ ಜನಸಂಖ್ಯೆ ಸುಮಾರು 22,000. 2020ರ ಜನಗಣತಿಯಲ್ಲಿ ಅದು 1,74,000 ದಾಟಿತ್ತು. ಪಕ್ಕದ ಏಪೆಕ್ಸ್ ಹತ್ತೇ ವರ್ಷದಲ್ಲಿ 37,000ದಿಂದ 58,000 ದಾಟಿತು. ಮಾರಿಸ್‌ವಿಲ್ 18,000ದಿಂದ 29,000ಕ್ಕೆ ಏರಿತು. ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಕಂಪನಿಗಳಿಗೆ ಕೆಲಸಕ್ಕೆ ಬಂದವರಲ್ಲಿ ನಾವೂ ಸೇರಿದ್ದೇವೆ. 2022ರಲ್ಲಿ ಕ್ಯಾರಿಯ ವೆಂಕಟೇಶ್ವರ ದೇವಸ್ಥಾನಕ್ಕೆ 87 ಅಡಿಯ ಗೋಪುರ ಎದ್ದಿತು. ನೋಡಲು ನಾವೆಲ್ಲ ಸಾಲುಗಟ್ಟಿ ಹೋದೆವು. ಕಾರು ನಿಲ್ಲಿಸಲು ಜಾಗ ಸಿಗದೆ "ಎಷ್ಟು ಜನ ಆಗಿಬಿಟ್ಟರು ಇಲ್ಲಿ" ಅಂತ ಗೊಣಗಿದೆವು. ಆ ಜಾಸ್ತಿಯಾದ ಜನ ನಾವೇ.

ಜನ ಬಂದ ಹಾಗೆ ಶಾಲೆ ಬಂತು. ಗ್ರೀನ್ ಹೋಪ್ 1999ರಲ್ಲಿ, ಪ್ಯಾಂಥರ್ ಕ್ರೀಕ್ 2006ರಲ್ಲಿ, ಏಪೆಕ್ಸ್ ಫ್ರೆಂಡ್‌ಶಿಪ್ 2015ರಲ್ಲಿ, ಗ್ರೀನ್ ಲೆವೆಲ್ 2019ರಲ್ಲಿ. ಒಂದೊಂದು ತೆರೆದಾಗಲೂ ಅಕ್ಕಪಕ್ಕದ ಗೆರೆ ಸರಿಯಿತು. ಸರಿಯದೆ ಬೇರೆ ದಾರಿ ಏನಿದೆ? ಇವತ್ತು "ನಮ್ಮ ಹಳೆಯ ಒಳ್ಳೆಯ ಶಾಲೆ" ಅಂತ ನಾವು ಎದೆಗೆ ಅಪ್ಪಿಕೊಂಡಿರುವುದು ಒಂದು ಕಾಲದಲ್ಲಿ ಇನ್ಯಾರೋ ಅಪ್ಪ ಅಮ್ಮಂದಿರು ಬೇಡ ಅಂತ ಜಗಳವಾಡಿದ ಹೊಸ ಶಾಲೆಯೇ.

ತುಂಬಿ ತುಳುಕುವ ಶಾಲೆ ಹೇಗಿರುತ್ತದೆ ಅಂತ ನೋಡದವರಿಗೆ ಹೇಳುತ್ತೇನೆ. ಹಿತ್ತಲಲ್ಲಿ ಸಾಲಾಗಿ ಟ್ರೇಲರ್ ಕ್ಲಾಸುಗಳು, ಅಂದರೆ ತಂದಿಟ್ಟ ತಾತ್ಕಾಲಿಕ ಕೋಣೆಗಳು. ಮಳೆ ಬಂದರೆ ಒಂದು ಪೀರಿಯಡ್‌ನಿಂದ ಇನ್ನೊಂದಕ್ಕೆ ನೆನೆಯುತ್ತಾ ಓಟ. ಬೇಕಾದ ವಿಷಯದ ಕ್ಲಾಸು ಭರ್ತಿ. ಇದಕ್ಕಿಂತ ವಿಚಿತ್ರ ಅಂದರೆ ಕ್ಯಾಪ್. ಶಾಲೆ ತೀರಾ ತುಂಬಿದರೆ ಶಾಲಾ ಜಿಲ್ಲೆಯವರು, ಅಂದರೆ ಕೌಂಟಿಯ ಸರ್ಕಾರಿ ಶಾಲೆಗಳನ್ನು ನಡೆಸುವವರು, ಅದಕ್ಕೆ ಕ್ಯಾಪ್ ಹಾಕುತ್ತಾರೆ. ಅಂದರೆ ಹೊಸದಾಗಿ ಆ ಬಡಾವಣೆಗೆ ಬಂದವರ ಮಕ್ಕಳಿಗೆ ಅಲ್ಲಿ ಜಾಗವಿಲ್ಲ. ಶಾಲೆಯ ಗೇಟು ಕಿಟಕಿಯಿಂದ ಕಾಣುತ್ತಿದ್ದರೂ ಮಗು ಬೇರೆ ಶಾಲೆಯ ಬಸ್ ಹತ್ತಬೇಕು. ಗೆರೆ ಸರಿಸಬೇಡಿ ಅನ್ನುವವರು ಈ ಮಗುವಿನ ಪರವಾಗಿ ಯಾವತ್ತೂ ಮಾತಾಡಿದ್ದು ನಾನು ಕೇಳಿಲ್ಲ. ಅದು ಇನ್ನೂ ಊರಿಗೇ ಬಂದಿರುವುದಿಲ್ಲವಲ್ಲ!

ಈಗ 10ನೇ ಕ್ಲಾಸಿನ ಮಾತು. ಗ್ರೀನ್ ಲೆವೆಲ್ 9 ಮತ್ತು 10ರ ಮಕ್ಕಳಿಂದ ಶುರುವಾಯಿತು. ಅದಕ್ಕೂ ಮೊದಲು ಏಪೆಕ್ಸ್ ಫ್ರೆಂಡ್‌ಶಿಪ್ ಕೂಡ ಹಾಗೇ. ಬರೀ 9 ಇಟ್ಟುಕೊಂಡು ತೆರೆದರೆ ಕಟ್ಟಡದ ಮುಕ್ಕಾಲು ಭಾಗ ಖಾಲಿ. ಆದರೆ ಪ್ರಿನ್ಸಿಪಾಲರು ಬೇಕು, ನರ್ಸ್ ಬೇಕು, ಕೆಫೆಟೇರಿಯಾ ನಡೆಯಬೇಕು, ಬಸ್ ಓಡಬೇಕು. ಫಿಸಿಕ್ಸ್ ಹೇಳಿಕೊಡುವ ಮೇಷ್ಟ್ರಿಗೆ ದಿನಕ್ಕೆ ಸಾಕಷ್ಟು ಪೀರಿಯಡ್ ಇಲ್ಲದಿದ್ದರೆ ಅವರು ಯಾಕೆ ಬರುತ್ತಾರೆ? ಅತ್ತ ಹಳೆಯ ಶಾಲೆಯ ಟ್ರೇಲರುಗಳು ಇನ್ನೊಂದು ವರ್ಷ ಹಾಗೇ ನಿಂತಿರುತ್ತವೆ. 11, 12ರ ಮಕ್ಕಳನ್ನು ಮುಟ್ಟುವುದಿಲ್ಲ, 10ರವರಿಗೆ ಪೂರ್ತಿ ಮೂರು ವರ್ಷ ಸಿಗುತ್ತದೆ. ನನಗೆ ಇದು ಸಾಕಷ್ಟು ಹದವಾದ ಏರ್ಪಾಡು ಅನ್ನಿಸುತ್ತದೆ.

ದುಡ್ಡಿನ ವಿಷಯವೂ ಇದೆ. ಈ ರಾಜ್ಯದಲ್ಲಿ ಶಾಲಾ ಮಂಡಳಿಗೆ ತೆರಿಗೆ ಹಾಕುವ ಅಧಿಕಾರವಿಲ್ಲ. ಕೌಂಟಿಯ ಕಮಿಷನರುಗಳ ಮುಂದೆ ಕೈ ಚಾಚಬೇಕು. ದೊಡ್ಡ ಮೊತ್ತವಾದರೆ ಬಾಂಡ್ ಅಂತ, ಅಂದರೆ ಸಾಲ ಎತ್ತಲು, ಜನರ ಮುಂದೆ ಮತಕ್ಕೆ ಹೋಗಬೇಕು. 2013ರಲ್ಲಿ 81 ಕೋಟಿ ಡಾಲರ್, 2018ರಲ್ಲಿ 54.8 ಕೋಟಿ ಡಾಲರ್ ಬಾಂಡಿಗೆ ಇಲ್ಲಿನ ಜನ ಹೂಂ ಅಂದರು. ಹಾಗೆ ಕಟ್ಟಿದ ಶಾಲೆಯ ಬೆಂಚು ಖಾಲಿ ಬಿದ್ದಿದ್ದರೆ ಮುಂದಿನ ಸಲ ಯಾವ ಮುಖ ಇಟ್ಟುಕೊಂಡು ಕೇಳುತ್ತೀರಿ?

ಮಕ್ಕಳು ನಾವು ಅಂದುಕೊಂಡಷ್ಟು ಮೆತ್ತಗಿಲ್ಲ. ಏಪೆಕ್ಸ್ ಹೈಸ್ಕೂಲಿನ ಹಳೆಯ ಕಟ್ಟಡ ಒಡೆದು ಹೊಸದು ಕಟ್ಟುವಾಗ, 2017ರಿಂದ 2019ರವರೆಗೆ, ಇಡೀ ಶಾಲೆಯನ್ನೇ ಇನ್ನೂ ತನ್ನ ಶಾಲೆ ಶುರುವಾಗದಿದ್ದ ಗ್ರೀನ್ ಲೆವೆಲ್ ಕಟ್ಟಡಕ್ಕೆ ಸಾಗಿಸಿದ್ದರು. 12ನೇ ಕ್ಲಾಸಿನವರೂ ಹೋದರು. ಆಕಾಶವೇನೂ ಬೀಳಲಿಲ್ಲ.

ನನ್ನ ಮಗಳೂ 10ಕ್ಕೆ ಶಾಲೆ ಬದಲಿಸಿದವಳೇ. ಮೊದಲ ಒಂದು ತಿಂಗಳು ಊಟದ ಡಬ್ಬಿ ಹಾಗೇ ವಾಪಸ್ ಬರುತ್ತಿತ್ತು. ಅವಳಮ್ಮ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ನಾಟಕದ ಗುಂಪು ಶುರುವಾಯಿತು. ಮೇಲಿನ ಕ್ಲಾಸಿನವರೇ ಇಲ್ಲದ ಶಾಲೆ, ಇವರೇ ಹಿರಿಯರು. ಹಳೆಯ ಶಾಲೆಯಲ್ಲಾಗಿದ್ದರೆ ಪರದೆ ಎಳೆಯುವ ಕೆಲಸ ಸಿಗುತ್ತಿತ್ತೇನೋ. ಇಲ್ಲಿ ರಾಣಿಯ ಪಾತ್ರವೇ ಸಿಕ್ಕಿತು.

ವಿರೋಧ: ನಾವು ನಂಬರಲ್ಲ

ಮೇಲೆ ಬರೆದವರ ಮನೆ ನಮ್ಮ ಮನೆಯಿಂದ ಆರನೆಯದು. ಅವರ ಮನೆಯಾಕೆ ನನ್ನ ಗೆಳತಿ, ಆ ತಿಂಗಳು ಅವಳು ಯಾಕೆ ಮಾತು ಬಿಟ್ಟಿದ್ದಳು ಅಂತಲೂ ನನಗೆ ಗೊತ್ತು. ಇರಲಿ.

ಮನೆ ಬೆಲೆಯ ಮಾತು ಮೊದಲು ಮುಗಿಸುತ್ತೇನೆ. ನಮ್ಮದು ಬಾಡಿಗೆ ಮನೆ. ಬೀದಿಯ ಬೆಲೆ ಏರಿದರೆ ನಮಗೆ ಬಾಡಿಗೆ ಏರುತ್ತದೆ, ಅಷ್ಟೇ. ಹಾಗಾಗಿ "ಮಕ್ಕಳ ಮನಸ್ಸು" ಅಂತ ನಾನು ಬರೆದರೆ ದಯವಿಟ್ಟು ಅದನ್ನು ಮಕ್ಕಳ ಮನಸ್ಸು ಅಂತಲೇ ಓದಿ.

ಈ ಜಿಲ್ಲೆಯ ಲೆಕ್ಕದಲ್ಲಿ ನಾವು ಬೀದಿಯೂ ಅಲ್ಲ, ಬಡಾವಣೆಯೂ ಅಲ್ಲ. ನಾವು ಒಂದು ನೋಡ್. ನಕ್ಷೆಯಲ್ಲಿ ನಂಬರ್ ಹಾಕಿದ ಒಂದು ತುಂಡು ನೆಲ. ಗಡಿ ಬದಲಿಸುವುದು ಅಂದರೆ ಈ ತುಂಡುಗಳನ್ನು ಒಂದು ಶಾಲೆಯಿಂದ ಎತ್ತಿ ಇನ್ನೊಂದಕ್ಕೆ ಇಡುವುದು. ಹೆಸರು ನೋಡ್ ಅಂತಿದ್ದರೂ ನಮ್ಮನ್ನು ಯಾರೂ ನೋಡುವುದಿಲ್ಲ. ನಡುವಿನ ತುಂಡುಗಳಿಗೆ ಚಿಂತೆಯಿಲ್ಲ. ಅಂಚಿನ ತುಂಡುಗಳೇ ಪ್ರತಿ ಸಲ ಅಲ್ಲಾಡುವುದು. ನಾವು ಅಂಚಿನವರು. ನನ್ನ ದೊಡ್ಡ ಮಗ ಎಲಿಮೆಂಟರಿಯಲ್ಲಿ ಒಮ್ಮೆ, ಮಿಡಲ್ ಸ್ಕೂಲಿನಲ್ಲಿ ಒಮ್ಮೆ ಹೀಗೆ ಎದ್ದು ಹೋಗಿದ್ದಾನೆ. ಈಗ ಹೈಸ್ಕೂಲಿನಲ್ಲಿ ಮೂರನೇ ಸಲ. ಪಕ್ಕದ ಬಡಾವಣೆಯಲ್ಲಿ ಒಂದು ಸಲವೂ ಆಗದ ಮಕ್ಕಳಿದ್ದಾರೆ. ಎಲ್ಲರೂ ಸ್ವಲ್ಪ ಸ್ವಲ್ಪ ತ್ಯಾಗ ಮಾಡಬೇಕು ಅಂತ ನಮ್ಮ ನೆರೆಯವರು ಹೇಳಬಹುದು. ಸರಿ, ಆದರೆ ಪ್ರತಿ ಸಲ ಒಬ್ಬರದೇ ಸರದಿ ಯಾಕೆ?

ಮಕ್ಕಳನ್ನು ಶಾಲೆಗಳಿಗೆ ಹಂಚಲು ಜಿಲ್ಲೆಯ ನೀತಿಯಲ್ಲೇ ನಾಲ್ಕು ಕಂಬಗಳಿವೆ: ಕಲಿಕೆ, ಸ್ಥಿರತೆ, ಮನೆಗೆ ಹತ್ತಿರ ಇರುವುದು, ದುಡ್ಡು ಮತ್ತು ಜಾಗದ ಸರಿಯಾದ ಬಳಕೆ. ನೆರೆಯವರು ನಾಲ್ಕನೆಯ ಕಂಬದ ಮೇಲೆ ಇಡೀ ಮಾಳಿಗೆ ಕಟ್ಟಿದ್ದಾರೆ. ಖಾಲಿ ಬೆಂಚು, ನರ್ಸು, ಬಾಂಡು. ಸ್ಥಿರತೆ ಎಲ್ಲಿ ಹೋಯಿತು?

ಅದನ್ನು ಮರೆತರೆ ಏನಾಗುತ್ತದೆ ಅಂತ ಈ ಕೌಂಟಿಗೆ ಒಮ್ಮೆ ಪಾಠವಾಗಿದೆ. 2000ದಿಂದ ಇಲ್ಲಿ ಒಂದು ಒಳ್ಳೆಯ ಗುರಿ ಇತ್ತು. ಯಾವ ಶಾಲೆಯಲ್ಲೂ ಉಚಿತ ಅಥವಾ ಕಡಿಮೆ ದರದ ಊಟ ಪಡೆಯುವ ಬಡಮಕ್ಕಳು ಶೇ. 40ಕ್ಕಿಂತ ಜಾಸ್ತಿ ಆಗಬಾರದು ಅಂತ. ನನಗೆ ಆ ಗುರಿ ಇವತ್ತಿಗೂ ಸರಿ ಅನ್ನಿಸುತ್ತದೆ. ಆದರೆ ಅದರ ಜೊತೆಗೆ ವರ್ಷ ವರ್ಷ ಬೆಳೆಯುವ ಊರಿಗಾಗಿ ಗೆರೆ ಸರಿಸುತ್ತಾ ಹೋದರು. ಯಾವ ಮಗು ಯಾವ ಕಾರಣಕ್ಕೆ ಹೋಯಿತು ಅಂತ ಜನರಿಗೆ ಲೆಕ್ಕ ತಪ್ಪಿತು. ಸಿಟ್ಟು ಮಾತ್ರ ಉಳಿಯಿತು. 2009ರ ಚುನಾವಣೆಯಲ್ಲಿ ಮಂಡಳಿಯ ಬಹುಮತವೇ ಬದಲಾಯಿತು, 2010ರಲ್ಲಿ ಆ ಒಳ್ಳೆಯ ನಿಯಮವನ್ನೂ ಕಿತ್ತುಹಾಕಿದರು. ಮಕ್ಕಳನ್ನು ಸುಮ್ನೆ ಅಲ್ಲಾಡಿಸಿದ್ದಕ್ಕೆ ದಂಡ ಕಟ್ಟಿದ್ದು ಬಡಮಕ್ಕಳು.

ಏಪೆಕ್ಸ್ ಉದಾಹರಣೆ ಓದಿ ನಾನು ಎರಡು ಸಲ ಕಣ್ಣುಜ್ಜಿಕೊಂಡೆ. ಅಲ್ಲಿ ಸಾಗಿದ್ದು ಇಡೀ ಶಾಲೆ. ಅದೇ ಮೇಷ್ಟ್ರುಗಳು, ಅದೇ ಗೆಳೆಯರು, ಅದೇ ಬ್ಯಾಂಡು, ಗೋಡೆ ಮಾತ್ರ ಬೇರೆ. ಊರಿಗೆ ಊರೇ ಜಾತ್ರೆಗೆ ಹೋಗುವುದಕ್ಕೂ ಒಂದು ಮನೆಯವರನ್ನು ಒಕ್ಕಲೆಬ್ಬಿಸುವುದಕ್ಕೂ ವ್ಯತ್ಯಾಸವಿಲ್ಲವೇ? 10ನೇ ಕ್ಲಾಸಿನ ಹುಡುಗ ಹೋಗುವುದು ಅರ್ಧ ಗೆಳೆಯರನ್ನು ಬಿಟ್ಟು, ಮುಂದೆ ಕಾಲೇಜಿಗೆ ಶಿಫಾರಸು ಪತ್ರ ಬರೆಯಬಹುದಾಗಿದ್ದ ಮೇಷ್ಟ್ರನ್ನು ಬಿಟ್ಟು. ಒಂದು ವರ್ಷ ಆರ್ಕೆಸ್ಟ್ರಾದಲ್ಲಿ ಹಿಂದಿನ ಸಾಲಿನಲ್ಲಿ ಕೂತು ಮುಂದಿನ ಸಾಲಿಗೆ ಕಾಯುತ್ತಿದ್ದ. ಹೊಸ ಶಾಲೆಯಲ್ಲಿ ಆರ್ಕೆಸ್ಟ್ರಾ ಅಂತ ಒಂದು ಆಗಲು ಇನ್ನೂ ಎಷ್ಟು ದಿನವೋ. ಎಲ್ಲರಿಗೂ ರಾಣಿಯ ಪಾತ್ರ ಸಿಗುವುದಿಲ್ಲ.

ಗ್ರೀನ್ ಲೆವೆಲ್‌ಗೆ 2019ರಲ್ಲಿ 10ನೇ ಕ್ಲಾಸಿಗೆ ಹೋದ ಮಕ್ಕಳನ್ನು ನೆನೆಸಿಕೊಳ್ಳಿ. ಆಗಸ್ಟಿನಲ್ಲಿ ಹೊಸ ಮುಖಗಳು. ಒಬ್ಬರಿಗೊಬ್ಬರು ಪರಿಚಯವಾಗುವಷ್ಟರಲ್ಲಿ, ಮಾರ್ಚಿನಲ್ಲಿ, ಕೋವಿಡ್ ಬಂದು ಶಾಲೆ ಮುಚ್ಚಿತು. ಅದನ್ನು ಯಾರೂ ಊಹಿಸಿರಲಿಲ್ಲ, ಒಪ್ಪುತ್ತೇನೆ. ಆದರೆ ಕಷ್ಟ ಬಂದಾಗ ಕೈಹಿಡಿಯುವುದು ಹಳೆಯ ಗೆಳೆತನ. ಅದನ್ನೇ ಹಿಂದಿನ ವರ್ಷ ಕತ್ತರಿಸಿದ್ದೆವಲ್ಲ.

ಇನ್ನು ಬಸ್. ಹಳೆಯ ಶಾಲೆಯಲ್ಲೇ ಉಳಿಯಲು ಅವಕಾಶ ಸಿಕ್ಕವರಿಗೂ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ಬಸ್ ಕೊಡುವುದಿಲ್ಲ, ನೀವೇ ಬಿಟ್ಟು ಕರೆದುಕೊಂಡು ಬನ್ನಿ. ಎರಡು ಕಾರು, ಮನೆಯಿಂದಲೇ ಕೆಲಸ ಇರುವವರಿಗೆ ಇದು ಷರತ್ತೇ ಅಲ್ಲ. ನಮ್ಮ ಮನೆಯಲ್ಲಿ ಒಂದೇ ಕಾರು. ಮಗನಿಗೆ 15 ವರ್ಷ. ಈ ರಾಜ್ಯದಲ್ಲಿ ಒಬ್ಬನೇ ಕಾರು ಓಡಿಸಲು 16 ಆಗಬೇಕು. ವೀಸಾದ ಮೇಲಿರುವವರ ಡ್ರೈವಿಂಗ್ ಲೈಸೆನ್ಸು ವೀಸಾ ಅವಧಿಯ ಜೊತೆಗೇ ಮುಗಿಯುತ್ತದೆ. ನವೀಕರಣದ ಕಾಗದ ತಡವಾದ ವರ್ಷ ನಾನು ಆರು ವಾರ ಸ್ಟಿಯರಿಂಗ್ ಮುಟ್ಟಿರಲಿಲ್ಲ. ಆಗ ಹಳದಿ ಬಸ್ಸೇ ನಮ್ಮ ಕೈಕಾಲು. ಬಸ್ ಇಲ್ಲದ ಆಯ್ಕೆ, ಉಳ್ಳವರಿಗೆ ಮಾತ್ರ ಆಯ್ಕೆ.

ಹೊಸ ಶಾಲೆ ಬೇಡ ಅಂತ ನಾನು ಹೇಳುತ್ತಿಲ್ಲ. ನನ್ನ ಚಿಕ್ಕ ಮಗ ಅಲ್ಲೇ 9ಕ್ಕೆ ಸೇರಲಿ, ಸಂತೋಷ. ಆದರೆ ಅದೇ ವರ್ಷ ದೊಡ್ಡವನು ಎಲ್ಲಿಗೆ ಅನ್ನುವುದನ್ನು ಅವನೇ ಆರಿಸಲಿ. ಹೋಗುವ ಮನಸ್ಸಿರುವ 10ರವರು ಖಂಡಿತ ಇರುತ್ತಾರೆ, ರಾಣಿ ಆಗಬೇಕೆನ್ನುವವರು. ಉಳಿಯುವವರಿಗೆ ಒಂದೇ ಒಂದು ನಿಲ್ದಾಣದಿಂದಾದರೂ ಬಸ್ ಕೊಡಿ, ಅಲ್ಲಿಯವರೆಗೆ ನಾವು ನಡೆದುಕೊಂಡು ಹೋಗುತ್ತೇವೆ. ಕೆಲವು ಬೆಂಚು ಒಂದೆರಡು ವರ್ಷ ಖಾಲಿ ಇರುತ್ತದೆ. ಇರಲಿ ಬಿಡಿ. ನಮ್ಮ ನೆರೆಯವರೇ ಹೇಳಿದರಲ್ಲ, ಈ ಊರಿಗೆ ಜನ ಬರುತ್ತಲೇ ಇದ್ದಾರೆ. ಬೆಂಚು ತುಂಬಲು ಎಷ್ಟು ಹೊತ್ತು?

ಶಾಲಾ ಮಂಡಳಿಗೆ ನಾನು ಮತ ಹಾಕುವಂತಿಲ್ಲ. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತವರು ಬಾಂಡಿಗೂ ಹೂಂ ಅನ್ನುವಂತಿಲ್ಲ, ಊಹೂಂ ಅನ್ನುವಂತಿಲ್ಲ. ಸಾರ್ವಜನಿಕ ಸಭೆಯಲ್ಲಿ ಮೈಕ್ ಮುಂದೆ ಕೆಲವು ನಿಮಿಷ ಮಾತಾಡಬಹುದು, ಅಷ್ಟೇ. ಕಳೆದ ಸಲ ಹೋಗಿದ್ದೆ. ಎದುರು ಕೂತವರು ಮೊದಲು ಕೇಳಿದ್ದು ಹೆಸರಲ್ಲ, ಯಾವ ನೋಡ್ ಅಂತ. ತಟ್ಟನೆ ಹೇಳಿದೆ. ಅದು ನನಗೆ ಬಾಯಿಪಾಠ. ಪ್ಯಾನ್ ನಂಬರ್ ಕೇಳಿದರೆ ಇವತ್ತಿಗೂ ಕಾರ್ಡು ಹುಡುಕುತ್ತೇನೆ.