ಐದೋ ಆರೋ

ಸಮುದ್ರವನ್ನು ನೋಡಲು ಕಾಲಿಗೆ ಚೀಲ ತೊಡಬೇಕೆಂಬ ನಿಯಮವನ್ನು ನಾನು ಮೊದಲು ಕಂಡದ್ದು ದಕ್ಷಿಣ ಕೊರಿಯಾದ ಬೂಸಾನ್ ನಗರದಲ್ಲಿ. ಅಲ್ಲಿಯ ಓರ್ಯುಕ್‌ದೊ ಸ್ಕೈವಾಕ್‌ನ ಬಾಗಿಲಲ್ಲಿ, ಗಾಜಿಗೆ ಗೀರು ಬೀಳಬಾರದೆಂದು, ಪ್ರತಿಯೊಬ್ಬರ ಷೂ ಮೇಲೂ ಬಟ್ಟೆಯ ಹೊದಿಕೆ ಹಾಕಿಸುತ್ತಾರೆ. ಅಷ್ಟು ಮಾಡಿ ಒಳಗೆ ಹೋದವರು, 35 ಮೀಟರ್ ಎತ್ತರದ ಬಂಡೆಯ ತುದಿಯಿಂದ ಹೊರಕ್ಕೆ ಚಾಚಿದ ಗಾಜಿನ ದಾರಿಯ ಮೇಲೆ ನಿಂತು, ತಲೆ ಬಗ್ಗಿಸಿ ತಮ್ಮ ಪಾದಗಳನ್ನೇ ನೋಡುತ್ತಾರೆ. ಬಳಿಕ ಆ ಪಾದಗಳ ಫೋಟೊ ತೆಗೆದುಕೊಂಡು ಹೊರಬರುತ್ತಾರೆ. ಸ್ಕೈವಾಕ್‌ಗೆ ಹೆಸರು ಕೊಟ್ಟ ದ್ವೀಪಗಳು ಕಣ್ಣೆದುರಿಗೇ ಇದ್ದರೂ ಅವುಗಳ ಕಡೆಗೆ ಕತ್ತೆತ್ತಿದವರು ಕಡಿಮೆ. 2013ಕ್ಕೆ ಮುಂಚೆ, ಈ ಗಾಜು ಇಲ್ಲದಿದ್ದಾಗ, ಜನ ಇಲ್ಲಿ ಬಂದು ನೇರವಾಗಿ ಸಮುದ್ರವನ್ನೇ ನೋಡುತ್ತಿದ್ದರೆಂದು ನಾನು ಊಹಿಸಿಕೊಂಡು ಸಿಟ್ಟಾದೆ.

ನನ್ನ ಜೊತೆಗಿದ್ದವರು ಅಕ್ಕನ ಗಂಡ. ಬ್ಯಾಂಕಿನಲ್ಲಿ ಲೆಕ್ಕಪರಿಶೋಧಕರಾಗಿದ್ದು ನಿವೃತ್ತರಾದವರು. ಆದರೆ ನಿವೃತ್ತಿಯೆಂಬುದು ಸಂಬಳಕ್ಕೆ ಮಾತ್ರ ಸಂಬಂಧಿಸಿದ್ದೆಂದು ನಂಬಿದವರು. ಬೂಸಾನಿನಲ್ಲಿ ನೋಡಬೇಕಾದವುಗಳ ಪಟ್ಟಿಯನ್ನು ಬೆಂಗಳೂರಿನಲ್ಲೇ ಬರೆದುಕೊಂಡು ಬಂದಿದ್ದರು. 2003ರಲ್ಲಿ ತೆರೆದ 7.4 ಕಿಲೋಮೀಟರ್ ಉದ್ದದ ಗ್ವಾಂಗಾನ್ ಸೇತುವೆಗೆ ಒಂದು ಗೆರೆ. 1376ರಲ್ಲಿ ಸ್ಥಾಪನೆಯಾದ, ಅಲೆಗಳ ಪಕ್ಕದಲ್ಲೇ ಇರುವ ಯೊಂಗುಂಗ್ಸಾ ಬೌದ್ಧ ದೇವಾಲಯಕ್ಕೆ ಇನ್ನೊಂದು ಗೆರೆ. ಗಮ್‌ಚಿಯೋನ್ ಗುಡ್ಡದ ಬಣ್ಣಬಣ್ಣದ ಮನೆಗಳ ನಡುವೆ ಒಂದು ಪ್ರತಿಮೆಯ ಪಕ್ಕ ಕುಳಿತು, ಕ್ಯಾಮೆರಾಕ್ಕೆ ಬೆನ್ನು ತೋರಿಸಿ ಚಿತ್ರ ತೆಗೆಸಿಕೊಳ್ಳಲು ಉದ್ದನೆಯ ಸರತಿಯಿತ್ತು. ಬೆನ್ನಿನ ಫೋಟೊಕ್ಕೆ ಯಾರ ಬೆನ್ನಾದರೇನೆಂದು ನಾನು ಕೇಳಿದ್ದಕ್ಕೆ ಭಾವ ಉತ್ತರಿಸದೆ ಸರತಿಯ ಕೊನೆಯಲ್ಲಿ ಹೋಗಿ ನಿಂತರು.

ಓರ್ಯುಕ್‌ದೊ ಬಳಿ ಮಾತ್ರ ಅವರ ಪೆನ್ನು ಪಟ್ಟಿಯ ಮೇಲೆ ನಿಂತುಬಿಟ್ಟಿತು. ಈ ದ್ವೀಪಗಳು ಐದು ಅಥವಾ ಆರು. ಕೊರಿಯನ್ನಿನಲ್ಲಿ 'ಓ' ಎಂದರೆ ಐದು, 'ರ್ಯುಕ್' ಎಂದರೆ ಆರು; ಹೆಸರಿನಲ್ಲೇ ಐದೂ ಆರೂ ಎರಡೂ ಇವೆ. ಸರ್ಕಾರ 2007ರಲ್ಲಿ ಇವುಗಳನ್ನು ರಾಷ್ಟ್ರೀಯ ಪ್ರಕೃತಿರಮ್ಯ ತಾಣವೆಂದು ಘೋಷಿಸಿದಾಗಲೂ ಅದೇ ಹೆಸರನ್ನು ಉಳಿಸಿಕೊಂಡಿತು. "ಇದೆಂಥ ಲೆಕ್ಕ? ಐದಾದರೆ ಐದು, ಆರಾದರೆ ಆರು. ಎರಡನ್ನೂ ಬರೆದು ಯಾವುದಾದರೂ ಒಂದನ್ನು ಹಿಡಿಯಿರಿ ಎಂದರೆ ಯಾವ ಬ್ಯಾಂಕೂ ಒಪ್ಪುವುದಿಲ್ಲ" ಎಂದು ಭಾವ ಗಾಜಿನ ನೆಲದ ಮೇಲೆ ನಿಂತೇ ಗುಡುಗಿದರು. ಪಾದದ ಫೋಟೊ ತೆಗೆಯುತ್ತಿದ್ದ ಇಬ್ಬರು ಹುಡುಗಿಯರು ಬೆಚ್ಚಿ ಬದಿಗೆ ಸರಿದರು.

ದ್ವೀಪಗಳಿಗೆ ಬೇರೆ ಬೇರೆ ಹೆಸರುಗಳೂ ಇವೆ. ದಡಕ್ಕೆ ಅತಿ ಹತ್ತಿರದವು ಗುರಾಣಿ ದ್ವೀಪ ಮತ್ತು ಪೈನ್ ಮರದ ದ್ವೀಪ. ಅವುಗಳಾಚೆಗೆ ಹದ್ದಿನ ದ್ವೀಪ, ದಬ್ಬಳದ ದ್ವೀಪ, ಗುಹೆಯ ದ್ವೀಪ. ಕಟ್ಟಕಡೆಯಲ್ಲಿ 1937ರಲ್ಲಿ ದೀಪಸ್ತಂಭ ಕಟ್ಟಿದ ದ್ವೀಪ. ತಕರಾರೆಲ್ಲ ಮೊದಲಿನ ಎರಡರದು. ಗುರಾಣಿಯೂ ಪೈನೂ ಬುಡದಲ್ಲಿ ಕೂಡಿಕೊಂಡಿವೆ. ನೀರು ಇಳಿದಾಗ ಅವೆರಡೂ ಸೇರಿ ಒಂದೇ ದ್ವೀಪ, ಆದ್ದರಿಂದ ಒಟ್ಟು ಐದು. ನೀರು ಏರಿದಾಗ ನಡುವಿನ ಸಂದು ಮುಳುಗಿ ಎರಡು, ಆದ್ದರಿಂದ ಆರು. ಬಹುಪಾಲು ಜನ ಹೇಳುವ ವಿವರಣೆ ಇದು.

ಭಾವ ಇದನ್ನು ಒಪ್ಪಲಿಲ್ಲ, ಮತ್ತು ಈ ವಿಷಯದಲ್ಲಿ ಅವರದೇ ಸರಿಯೆಂದು ನಾನು ಹೇಳಬೇಕಾಗಿದೆ. ಕೊರಿಯಾದ ಪಶ್ಚಿಮ ತೀರದ ಇಂಚಿಯೋನ್‌ನಲ್ಲಿ ಸಮುದ್ರ ಒಂಬತ್ತು ಮೀಟರಿನಷ್ಟು ಏರಿಳಿಯುತ್ತದೆ. ಅಲ್ಲಿ ದ್ವೀಪಗಳು ಹುಟ್ಟುವುದಕ್ಕೂ ಮಾಯವಾಗುವುದಕ್ಕೂ ಧಾರಾಳವಾಗಿ ನೀರಿದೆ. ಬೂಸಾನಿನಲ್ಲಿ ಉಬ್ಬರವಿಳಿತದ ಅಂತರ ಒಂದು ಮೀಟರಿನ ಆಸುಪಾಸಿನದು. ಅಷ್ಟು ಕಡಿಮೆ ಬಂಡವಾಳದಲ್ಲಿ ಒಂದಿಡೀ ದ್ವೀಪವನ್ನು ದಿನಕ್ಕೆರಡು ಬಾರಿ ಖಾತೆಗೆ ಜಮಾ ಮಾಡಿ ಮತ್ತೆ ಖರ್ಚು ಹಾಕುವುದು ಅನುಮಾನಕ್ಕೆ ಎಡೆಗೊಡುವ ವ್ಯವಹಾರವೆಂದು ಅವರ ವಾದ. ಅವರ ಪರವಾಗಿ ಹಳೆಯ ದಾಖಲೆಯೊಂದೂ ಇದೆ. 1740ರಲ್ಲಿ ಬರೆದ ದೊಂಗ್ನೆ ಸೀಮೆಯ ಗೆಜೆಟಿಯರ್‌ನಲ್ಲಿ ನೀರಿನ ಮಾತಿಲ್ಲ. ಪೂರ್ವದಿಂದ ನೋಡಿದರೆ ಆರು ಶಿಖರ, ಪಶ್ಚಿಮದಿಂದ ನೋಡಿದರೆ ಐದು ಎಂದಷ್ಟೇ ಇದೆ. ಅಂದರೆ ಇಲ್ಲಿ ಏರಿಳಿಯುವುದು ಸಮುದ್ರವಲ್ಲ, ಓಡಾಡಿಕೊಂಡಿರುವುದು ನೋಡುವವನು.

ಇಲ್ಲಿಂದ ಒಂದು ದೊಡ್ಡ ತತ್ತ್ವಕ್ಕೆ ದಾರಿಯಿದೆಯೆಂದು ನನಗೆ ಆಗಲೇ ಹೊಳೆದಿತ್ತು. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಭಾವ ಎಣಿಸತೊಡಗಿದರು. ಸ್ಕೈವಾಕ್‌ನ ತುದಿಯಲ್ಲಿ ನಿಂತರೆ ದ್ವೀಪಗಳು ರೇಷನ್ ಅಂಗಡಿಯ ಮುಂದಿನ ಜನರ ಹಾಗೆ ಒಂದರ ಬೆನ್ನಿಗೊಂದು ನಿಂತಿರುತ್ತವೆ. ಮುಂದಿನದರ ಮರೆಯಲ್ಲಿ ಹಿಂದಿನವು ಅಡಗುತ್ತವೆ. ಎಷ್ಟು ಇಣುಕಿದರೂ ಭಾವನ ಲೆಕ್ಕ ನಾಲ್ಕಕ್ಕಿಂತ ಮೇಲೇರಲಿಲ್ಲ. ಎಡಕ್ಕೆ ಸರಿದು ಎಣಿಸಿದರು, ಬಲಕ್ಕೆ ಸರಿದು ಎಣಿಸಿದರು, ಕಾಲಿನ ಚೀಲ ಜಾರಿ ಕಾವಲಿನವನು ಸೀಟಿ ಊದುವವರೆಗೂ ಕಂಬಿಯ ಮೇಲೆ ಬಾಗಿ ಎಣಿಸಿದರು. ದ್ವೀಪಗಳನ್ನು ನೋಡಲೆಂದೇ ಹೆಸರಿಟ್ಟು ಕಟ್ಟಿದ ಜಾಗದಿಂದ ದ್ವೀಪಗಳು ಪೂರ್ತಿ ಕಾಣುವುದಿಲ್ಲವೆಂಬ ಸಂಗತಿ ನನಗೆ ಯಾಕೋ ಬಹಳ ಸಮಾಧಾನ ಕೊಟ್ಟಿತು. ಎಲ್ಲಿ ನಿಲ್ಲಬೇಕು, ಯಾವ ಕಡೆ ಮುಖ ಮಾಡಬೇಕು, ಎಲ್ಲಿ ಬೆರಳಿನಿಂದ ಹೃದಯದ ಆಕಾರ ತೋರಿಸಬೇಕು ಎಂಬುದನ್ನೆಲ್ಲ ನಗರದವರೇ ಗುರುತು ಹಾಕಿ ತೀರ್ಮಾನಿಸಿಟ್ಟಿರುವ ಈ ಕಾಲದಲ್ಲಿ, ಆರು ಬಂಡೆಗಳಾದರೂ ಅವರ ಮಾತು ಕೇಳುತ್ತಿಲ್ಲ.

ಹೊರಗೆ ಬಂದರೆ ಇನ್ನೊಂದು ಲೆಕ್ಕ ಕಾದಿತ್ತು. ಕೊರಿಯನ್ನರು ಪೂರ್ವ ಸಮುದ್ರವೆನ್ನುವುದೂ ದಕ್ಷಿಣ ಸಮುದ್ರವೆನ್ನುವುದೂ ಸೇರುವ ಗಡಿ ಇದೇ ಜಾಗವೆಂದು ಅಲ್ಲಿ ಗುರುತು ಹಾಕಿದ್ದಾರೆ. ಪೂರ್ವ ತೀರದುದ್ದಕ್ಕೂ ಉತ್ತರಕ್ಕೆ ಸಾಗುವ, 700 ಕಿಲೋಮೀಟರಿಗೂ ಉದ್ದವಾದ ಹೇಪರಂಗ್ ಕಾಲುದಾರಿ ಶುರುವಾಗುವುದು ಇಲ್ಲಿಂದಲೇ. ದಕ್ಷಿಣ ತೀರವನ್ನು ಹಿಡಿದು ಹೇನಾಮ್‌ವರೆಗೆ ಹೋಗುವ, ಅದರ ಎರಡರಷ್ಟು ಉದ್ದದ ನಂಪರಂಗ್ ದಾರಿ ಶುರುವಾಗುವುದೂ ಇಲ್ಲಿಂದಲೇ. ಬೆನ್ನಿಗೆ ಚೀಲ ಏರಿಸಿದ ವಯಸ್ಸಾದ ದಂಪತಿಗಳು ಗುಂಪು ಗುಂಪಾಗಿ, ತುಟಿ ಬಿಗಿದು, ಇಗಿದೆ ಎಂಬ ಕರಾವಳಿಯ ಬಂಡೆಗಳ ಅಂಚಿನ ದಾರಿಯತ್ತ ಹೊರಟಿದ್ದರು. ಆ ಕರಾವಳಿ 1993ರವರೆಗೆ ಸೇನೆಯ ವಶದಲ್ಲಿದ್ದು ಸಾಮಾನ್ಯರಿಗೆ ಮುಚ್ಚಿತ್ತು. ಹಾಗಾಗಿಯೇ ಇವತ್ತಿಗೂ ಅಲ್ಲಿ ನೋಡಲು ಏನಾದರೂ ಉಳಿದಿದೆಯೆಂದು ನನ್ನ ಅಭಿಪ್ರಾಯ. ಆ ದಾರಿಯಲ್ಲಿ ನಡೆಯೋಣವೆಂದು ನಾನು ಅಂದೆ. ಎರಡು ಸಮುದ್ರಗಳ ನಡುವಿನ ಗೆರೆ ದ್ವೀಪಗಳ ಈಚೆಗೆ ಬರುತ್ತದೆಯೋ ಆಚೆಗೋ, ಆರನೆಯ ದ್ವೀಪ ಯಾವ ಸಮುದ್ರದ ಖಾತೆಗೆ ಸೇರುತ್ತದೆ ಎಂದು ಭಾವ ಅಂದರು.

ಅಷ್ಟರಲ್ಲಿ ದ್ವೀಪಗಳಿಂದ ಮರಳಿದ ದೋಣಿಯಿಂದ ಗಾಳ ಹಿಡಿದ ಮುದುಕರೊಬ್ಬರು ಇಳಿದರು. ಭಾವ ಫೋನಿನಲ್ಲಿ ಪ್ರಶ್ನೆಯನ್ನು ಕೊರಿಯನ್ನಿಗೆ ತಿರುಗಿಸಿ, ಅಲ್ಲಿರುವುದು ಎಷ್ಟು ಎಂದು ಅವರಿಗೆ ತೋರಿಸಿದರು. ಮುದುಕರು ತಮ್ಮ ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದು ಮೂರು ಮೀನು ತೋರಿಸಿ ಹೊರಟುಹೋದರು.

ಇನ್ನು ಉಳಿದದ್ದು ಒಂದೇ ದಾರಿ: ಹೇಉಂದೆ ಕಡಲತೀರದ ಬದಿಯ ಮಿಪೊದಿಂದ ಓರ್ಯುಕ್‌ದೊವರೆಗೆ ಬಂದು ಹಿಂತಿರುಗುವ ಪ್ರವಾಸಿ ಹಡಗು. ಪೂರ್ವದ ಕಡೆಯಿಂದ ನೋಡಿದರೆ ಆರು ಎಂದು ಇನ್ನೂರೆಂಬತ್ತು ವರ್ಷಗಳ ಹಿಂದೆಯೇ ಬರೆದಿಟ್ಟಿರುವಾಗ, ಅದನ್ನೇ ಮತ್ತೆ ಎಣಿಸಿ ಬರಲು ದುಡ್ಡು ಯಾಕೆ ಕೊಡಬೇಕೆಂದು ನಾನು ಕೇಳಿದೆ. ಪುಸ್ತಕದಲ್ಲಿ ಬರೆದಿರುವ ಸರಕು ಗೋದಾಮಿನಲ್ಲಿದೆಯೇ ಎಂದು ಹೋಗಿ ನೋಡುವುದಕ್ಕೇ ತಮಗೆ ಮೂವತ್ತು ವರ್ಷ ಸಂಬಳ ಕೊಟ್ಟಿದ್ದಾರೆಂದು ಭಾವ ಹೇಳಿದರು. ಟಿಕೆಟ್ಟಿನ ದುಡ್ಡು ಮಾತ್ರ ನನ್ನದು.