ವಾರ್ಡಿಗೊಬ್ಬ ಕಾರ್ಪೊರೇಟರ್ ಯಾಕೆ ಬೇಕು

"ಕಾರ್ಪೊರೇಟರ್ ಇಲ್ಲದಿದ್ದರೆ ಏನು ಮಹಾ, ಕಮಿಷನರ್ ಇದ್ದಾರೆ, ಇಂಜಿನಿಯರ್ ಇದ್ದಾರೆ, ಕೆಲಸ ನಡೆಯುತ್ತದೆ" ಎನ್ನುವ ಮಾತು ಮಂಗಳೂರಿನಲ್ಲಿ ಈಗೀಗ ತುಂಬ ಕೇಳಿಬರುತ್ತದೆ. ಓದಿದವರೇ ಹೇಳುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಎಂದು ವಿವರವಾಗಿ ಬರೆಯುತ್ತೇನೆ, ಉದ್ದ ಆಗುತ್ತದೆ, ಪುರುಸೊತ್ತಿದ್ದಾಗ ಓದಿ.

ನಮ್ಮ ಪಾಲಿಕೆಗೆ 60 ವಾರ್ಡು. 2019ರ ನವೆಂಬರಿನಲ್ಲಿ ಚುನಾವಣೆ ಆಯಿತು, 2020ರ ಫೆಬ್ರವರಿ ಕೊನೆಗೆ ಮೇಯರ್ ಆಯ್ಕೆ, ಅಲ್ಲಿಂದ ಐದು ವರ್ಷ ಲೆಕ್ಕ ಹಾಕಿ 2025ರ ಫೆಬ್ರವರಿಯಲ್ಲಿ ಕೌನ್ಸಿಲ್ ಅವಧಿ ಮುಗಿಯಿತು. ಸಂವಿಧಾನದ 243-ಯು ವಿಧಿ ಪ್ರಕಾರ ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಪೂರ್ತಿ ಆಗಿರಬೇಕು. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿಯ ಮುಖ್ಯ ಉದ್ದೇಶಗಳಲ್ಲಿ ಇದೊಂದು. ಹಾಗಾಗಲಿಲ್ಲ. ಹಿಂದಿನ ಸಲವೂ ಆಗಿರಲಿಲ್ಲ. 2019ರ ಮಾರ್ಚಿನಲ್ಲಿ ಆಗಿನ ಕೌನ್ಸಿಲ್ ಮುಗಿದು ಹೆಚ್ಚುಕಡಿಮೆ ಒಂದು ವರ್ಷ ಊರಿಗೆ ಕೌನ್ಸಿಲೇ ಇರಲಿಲ್ಲ. ಆ ವರ್ಷ ಏನೆಲ್ಲ ಆಯಿತು ನೆನಪಿಸಿಕೊಳ್ಳಿ: ಬೇಸಿಗೆಯಲ್ಲಿ ನೀರಿಗೆ ರೇಷನಿಂಗ್, ಆಗಸ್ಟಿನಲ್ಲಿ ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಬಿದ್ದದ್ದು. ಕೌನ್ಸಿಲ್ ಇದ್ದಿದ್ದರೆ ಕಸ ಜಾರುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ, ಆ ರಾಶಿ ಎಷ್ಟೋ ವರ್ಷಗಳಿಂದ ಬೆಳೆದದ್ದು. ಆದರೆ ಮಂದಾರದ ಜನ ಯಾರ ಮನೆ ಬಾಗಿಲಿಗೆ ಹೋಗಬೇಕಿತ್ತೋ ಆ ಬಾಗಿಲು ಆಗ ಇರಲಿಲ್ಲ.

ಕಾರ್ಪೊರೇಟರ್ ದಿನ ಶುರುವಾಗುವುದು ನೀರಿನ ಫೋನಿನಿಂದ. ಬೆಳಿಗ್ಗೆ ಐದೂವರೆ, ಆರು ಗಂಟೆ. "ಅಣ್ಣಾ, ನಳ್ಳಿಯಲ್ಲಿ ನೀರಿಲ್ಲ." ಇದಕ್ಕೆ ಉತ್ತರ ಹೇಳಬೇಕಾದರೆ ನೀರಿನ ದಾರಿ ಗೊತ್ತಿರಬೇಕು. ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ ಎತ್ತಿದ ನೀರು ಶುದ್ಧೀಕರಣ ಆಗಿ, ದೊಡ್ಡ ಟ್ಯಾಂಕಿಗೆ ಬಂದು, ಅಲ್ಲಿಂದ ಏರಿಯಾದ ಟ್ಯಾಂಕಿಗೆ, ಅಲ್ಲಿಂದ ವಾಲ್ವ್ ತಿರುಗಿಸಿದ ಮೇಲೆ ಬೀದಿಗೆ. ತುಂಬೆಯಲ್ಲಿ ಕರೆಂಟ್ ಹೋಗಿ ಪಂಪ್ ನಿಂತರೆ ಪೈಪು ಖಾಲಿಯಾಗುತ್ತದೆ, ಗಾಳಿ ತುಂಬುತ್ತದೆ. ಪಂಪ್ ಪುನಃ ಚಾಲೂ ಆದ ತಕ್ಷಣ ನೀರು ಬರುವುದಿಲ್ಲ, ತಗ್ಗಿನ ಮನೆಗಳು ಮೊದಲು ತುಂಬಿಸಿಕೊಳ್ಳುತ್ತವೆ, ಗುಡ್ಡದ ಮೇಲಿನ ಮನೆ ಮತ್ತು ಲೈನಿನ ತುದಿಯ ಮನೆಗೆ ಮರುದಿನವೇ ಆಗಬಹುದು. ಹಾಗಾಗಿ ಒಂದೇ ಮನೆಗೆ ನೀರಿಲ್ಲವೋ, ಸಾಲಿಗೇ ಇಲ್ಲವೋ, ಇಡೀ ಗುಡ್ಡಕ್ಕೆ ಇಲ್ಲವೋ ಎಂದು ಮೊದಲು ಕೇಳಬೇಕು. ಒಂದೇ ಮನೆಯಾದರೆ ಮೀಟರಿನ ಹತ್ತಿರ ಕಸ ಕಟ್ಟಿರುತ್ತದೆ ಅಥವಾ ಕನೆಕ್ಷನ್ ಪೈಪ್ ಒಡೆದಿರುತ್ತದೆ. ಸಾಲಿಗೇ ಇಲ್ಲದಿದ್ದರೆ ವಾಲ್ವ್‌ಮ್ಯಾನ್‌ಗೆ ಫೋನ್ ಹೋಗಬೇಕು. ಯಾವ ವಾಲ್ವ್ ಯಾವ ಮನೆಯ ಗೇಟಿನ ಎದುರು, ಯಾವುದು ಡಾಮರಿನಡಿ ಹೂತುಹೋಗಿದೆ ಎಂಬುದು ಎಷ್ಟೋ ಕಡೆ ನಕ್ಷೆಯಲ್ಲಿ ಇರುವುದಿಲ್ಲ, ವಾಲ್ವ್‌ಮ್ಯಾನ್ ತಲೆಯಲ್ಲಿ ಇರುತ್ತದೆ. ಅವರು ನಿವೃತ್ತರಾದರೆ ಅದು ತಿಳಿದ ಇನ್ನೊಬ್ಬರು ವಾರ್ಡಿನಲ್ಲಿ ಇರಬೇಕು. ಕೆಲಸ ಗೊತ್ತಿರುವ ಕಾರ್ಪೊರೇಟರ್ ಆ ಇನ್ನೊಬ್ಬರು.

ಇನ್ನು ಮಳೆ. ನನ್ನ ಪ್ರಕಾರ ಮಂಗಳೂರಿನ ಕಾರ್ಪೊರೇಟರ್ ಹೇಗೆ ಎಂದು ಅಳೆಯಬೇಕಾದ್ದು ಇಲ್ಲೇ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರಿದು, ಅದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲಿ. ತೋಡು, ರಾಜಕಾಲುವೆ, ರಸ್ತೆ ಬದಿಯ ಚರಂಡಿ, ಎಲ್ಲದರ ಹೂಳು ಪತ್ತನಾಜೆಯ ಒಳಗೆ ತೆಗೆದಿರಬೇಕು. ಪತ್ತನಾಜೆ ಎಂದರೆ ತುಳು ತಿಂಗಳು ಬೇಷದ ಹತ್ತನೇ ದಿನ, ಮೇ 24ರ ಸುಮಾರಿಗೆ. ಜೂನ್ ಒಂದಕ್ಕೆ ನೋಡೋಣ ಎಂದರೆ ಕೆಟ್ಟಿತು. 2025ರಲ್ಲಿ ಕೇರಳಕ್ಕೆ ಮುಂಗಾರು ಮುಟ್ಟಿದ್ದೇ ಮೇ 24ಕ್ಕೆ, ಆ ತಿಂಗಳ ಕೊನೆಗೆ ನಮ್ಮಲ್ಲಿ ರಸ್ತೆಯೆಲ್ಲ ನೀರು. ಆಗ ವಾರ್ಡುಗಳಲ್ಲಿ ಸದಸ್ಯರಿರಲಿಲ್ಲ.

ಹೂಳೆತ್ತುವುದರಲ್ಲಿ ಎಲ್ಲಿ ತಪ್ಪುತ್ತದೆ ಎಂದರೆ, ಜೆಸಿಬಿ ಹೋಗುವ ಜಾಗದಲ್ಲಿ ಮಾತ್ರ ಹೂಳು ತೆಗೆಯುತ್ತಾರೆ. ದೊಡ್ಡ ತೋಡು ಕ್ಲೀನ್ ಕಾಣುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ನೀರು ನಿಲ್ಲುವುದು ಅಲ್ಲಲ್ಲ. ನಿಲ್ಲುವುದು ಸ್ಲ್ಯಾಬ್ ಹಾಕಿದ ಚರಂಡಿಯಲ್ಲಿ, ರಸ್ತೆ ದಾಟುವ ಮೋರಿಯಲ್ಲಿ. ಅಲ್ಲಿಗೆ ಜೆಸಿಬಿ ಕೈ ಹೋಗುವುದಿಲ್ಲ, ಗ್ಯಾಂಗಿನ ಕೆಲಸಗಾರರು ಸ್ಲ್ಯಾಬ್ ಎಬ್ಬಿಸಿ ಕೈಯಿಂದ ತೆಗೆಯಬೇಕು. ಒಂದು ಮೋರಿಯ ಬಾಯಿಯಲ್ಲಿ ಬಗ್ಗಿ ಟಾರ್ಚ್ ಹಾಕಿ ನೋಡಿ: ನೀರಿನ ಪೈಪು ಒಂದು ಅಡ್ಡ, ಕೇಬಲ್ಲಿನ ಪೈಪು ಮತ್ತೆರಡು ಅಡ್ಡ. ಆ ಪೈಪುಗಳಿಗೆ ಮೊದಲು ಒಂದು ತೆಂಗಿನ ಗರಿ ಸಿಕ್ಕಿಕೊಳ್ಳುತ್ತದೆ, ಗರಿಗೆ ಪ್ಲಾಸ್ಟಿಕ್ ಚೀಲ, ಚೀಲಕ್ಕೆ ಬಾಟಲಿ, ಆಮೇಲೆ ಮೇಲಿನ ಸೈಟಿನಿಂದ ಇಳಿದ ಕೆಂಪು ಮಣ್ಣು ಬಂದು ಸಿಮೆಂಟಿನ ಹಾಗೆ ಕೂರುತ್ತದೆ. ಎರಡು ಅಡಿ ಮೋರಿಯಲ್ಲಿ ಅರ್ಧ ಅಡಿ ದಾರಿ ಉಳಿಯುತ್ತದೆ. ಹೂಳೆತ್ತಿ ಪ್ರಯೋಜನವಿಲ್ಲ, ಆ ಪೈಪುಗಳನ್ನು ಮೋರಿಯ ಮೇಲಿನಿಂದಲೋ ಅಡಿಯಿಂದಲೋ ಹಾಯಿಸಬೇಕು. ಅದಕ್ಕೆ ನೀರಿನ ವಿಭಾಗದವರು, ಕೇಬಲ್‌ನವರು, ರಸ್ತೆಯ ಇಂಜಿನಿಯರ್ ಮೂವರನ್ನೂ ಒಂದೇ ದಿನ ಅದೇ ಮೋರಿಯ ಹತ್ತಿರ ನಿಲ್ಲಿಸಬೇಕು. ಆ್ಯಪ್‌ನಲ್ಲಿ ಹಾಕಿದ ದೂರು ಮೂವರನ್ನು ಒಟ್ಟಿಗೆ ಕರೆತರುವುದಿಲ್ಲ.

ಇನ್ನೊಂದು ತಪ್ಪು, ತೆಗೆದ ಹೂಳನ್ನು ದಡದಲ್ಲೇ ರಾಶಿ ಹಾಕುವುದು. "ಒಣಗಲಿ, ಆಮೇಲೆ ಸಾಗಿಸುತ್ತೇವೆ" ಎನ್ನುತ್ತಾರೆ. ಹಸಿ ಹೂಳು ಲಾರಿಯಲ್ಲಿ ಸೋರುತ್ತದೆ ಎಂಬುದು ನಿಜ, ಎರಡು ಮೂರು ದಿನ ಬಿಡಬಹುದು. ಅದಕ್ಕಿಂತ ಹೆಚ್ಚು ಬಿಟ್ಟರೆ ಮೊದಲ ಮಳೆಗೆ ಪೂರ್ತಿ ವಾಪಸ್ ತೋಡಿಗೆ. ಹೂಳು ತೆಗೆದದ್ದಕ್ಕೆ ಬಿಲ್ಲಾಗಿರುತ್ತದೆ, ಸಾಗಿಸಿದ್ದಕ್ಕೂ ಆಗಿರುತ್ತದೆ. ಕಾರ್ಪೊರೇಟರ್ ಆದವರು ಅಳತೆ ಪುಸ್ತಕದಲ್ಲಿ ಎಷ್ಟು ಲೋಡು ಎಂದು ಬರೆದಿದ್ದಾರೆ ಎಂದು ಕೇಳಿದರೆ ಸಾಕು, ಅರ್ಧ ಕೆಲಸ ಸರಿಯಾಗುತ್ತದೆ.

ಸಮುದ್ರದ ಲೆಕ್ಕವೂ ಉಂಟು. ಜೆಪ್ಪಿನಮೊಗರು ಕಡೆಯ ನೀರು ನೇತ್ರಾವತಿಗೆ, ಕುದ್ರೋಳಿ, ಬೊಕ್ಕಪಟ್ಣ ಕಡೆಯದ್ದು ಫಲ್ಗುಣಿಗೆ. ಭರತದ ಹೊತ್ತಿಗೆ, ಅಂದರೆ ಸಮುದ್ರ ಏರುವಾಗ, ನದಿಯ ನೀರೇ ತೋಡಿಗೆ ಹಿಂದೆ ಒತ್ತುತ್ತದೆ. ಜೋರು ಮಳೆ ಮತ್ತು ಭರತ ಒಟ್ಟಿಗೆ ಬಿದ್ದರೆ ಎಷ್ಟು ಕ್ಲೀನ್ ಮಾಡಿದ ತೋಡೂ ಉಕ್ಕುತ್ತದೆ. ಬಂದರಿನ ಭರತ ಇಳಿತದ ಪಟ್ಟಿ ನೋಡಿಟ್ಟುಕೊಂಡರೆ ಯಾವ ರಾತ್ರಿ ತಗ್ಗಿನ ಮನೆಯವರಿಗೆ ಮೊದಲೇ ಹೇಳಬೇಕು, ಪಂಪ್ ಎಲ್ಲಿ ಇಡಬೇಕು ಎಂದು ಗೊತ್ತಾಗುತ್ತದೆ. ಕೊಟ್ಟಾರ ಚೌಕಿಯಂಥ ಜಾಗದಲ್ಲಿ ತೊಂದರೆ ಬೇರೆ ಥರದ್ದು: ಮೇಲಿನ ಬಡಾವಣೆಗಳಲ್ಲಿ ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಕಿ, ಗದ್ದೆಗಳನ್ನು ತುಂಬಿಸಿ, ಹಿಂದೆ ಇಂಗುತ್ತಿದ್ದ ನೀರೆಲ್ಲ ಈಗ ಅರ್ಧ ಗಂಟೆಯಲ್ಲಿ ಕೆಳಗೆ ಬರುತ್ತದೆ. ಅಲ್ಲಿ ಒಂದು ವಾರ್ಡಿನ ಕಾರ್ಪೊರೇಟರ್ ಒಬ್ಬರೇ ಏನೂ ಮಾಡಲಾಗದು, ಮೇಲಿನ ವಾರ್ಡಿನವರೂ ಕೆಳಗಿನ ವಾರ್ಡಿನವರೂ ಕೌನ್ಸಿಲಿನಲ್ಲಿ ಒಟ್ಟಿಗೆ ಮಾತಾಡಬೇಕು. ಕೌನ್ಸಿಲ್ ಎಂಬುದು ಇರಬೇಕಾದ್ದು ಇದಕ್ಕೇ.

ಮಳೆಗಾಲದಲ್ಲಿ ಮ್ಯಾನ್‌ಹೋಲ್ ಉಕ್ಕುವುದರ ಬಗ್ಗೆ ಒಂದು ಮಾತು, ಇದು ನಮ್ಮ ನಮ್ಮ ಮನೆಗೇ ಸಂಬಂಧಪಟ್ಟದ್ದು. ಒಳಚರಂಡಿಯ ಪೈಪನ್ನು ಬಚ್ಚಲು, ಅಡಿಗೆಮನೆ, ಶೌಚಾಲಯದ ನೀರಿಗೆ ಲೆಕ್ಕ ಹಾಕಿ ಹಾಕಿದ್ದು. ಟೆರೇಸಿನ ಮಳೆನೀರಿನ ಪೈಪನ್ನು ಸದ್ದಿಲ್ಲದೆ ಅದೇ ಚೇಂಬರಿಗೆ ಕೊಟ್ಟವರು ತುಂಬ ಜನ. ಜೋರು ಮಳೆಗೆ ಹತ್ತು ಮನೆಯ ಟೆರೇಸಿನ ನೀರು ಒಮ್ಮೆಲೇ ನುಗ್ಗಿದರೆ ವೆಟ್‌ವೆಲ್ಲಿನ (ಕೊಳಚೆ ನೀರು ಸೇರಿಸಿ ಮೇಲೆತ್ತುವ ಬಾವಿಯ) ಪಂಪ್ ತಡೆಯುವುದಿಲ್ಲ, ತಗ್ಗಿನ ಮ್ಯಾನ್‌ಹೋಲಿನ ಮುಚ್ಚಳ ಎದ್ದು ಕೊಳಕೆಲ್ಲ ಯಾರದ್ದೋ ಅಂಗಳಕ್ಕೆ, ಬಾವಿಗೆ. ಉಡುಪಿಯ ಇಂದ್ರಾಣಿ ತೋಡಿನ ಕತೆ ಎಲ್ಲರಿಗೂ ಗೊತ್ತು, ನಗರದ ಕೊಳಚೆ ಹರಿದು ಕೊಡವೂರು, ಕಲ್ಮಾಡಿ ಕಡೆಯ ಬಾವಿಗಳು ಹಾಳಾದವು. ಮಳೆನೀರು ತೋಡಿಗೆ ಅಥವಾ ಇಂಗುಗುಂಡಿಗೆ ಹೋಗಬೇಕು, ಚೇಂಬರಿಗೆ ಅಲ್ಲ. ಇದನ್ನು ಮನೆ ಮನೆಗೆ ಹೋಗಿ ಹೇಳಿ ಪೈಪ್ ಬೇರೆ ಮಾಡಿಸಲು ನೋಟಿಸಿಗಿಂತ ಪರಿಚಯದ ಮುಖ ಹೆಚ್ಚು ಕೆಲಸ ಮಾಡುತ್ತದೆ.

ಕಾಂಕ್ರೀಟ್ ರಸ್ತೆ ವಿಷಯದಲ್ಲೂ ಹೀಗೇ. ರಸ್ತೆ ಬಂತು ಎಂದು ಎಲ್ಲರಿಗೂ ಖುಷಿ. ಕಾಂಕ್ರೀಟ್ ಬೀಳುವ ಮೊದಲು ಪ್ರತಿ ಮನೆಯ ನೀರಿನ ಕನೆಕ್ಷನ್, ಚೇಂಬರಿನ ಪೈಪು ಪರೀಕ್ಷೆ ಆಗಬೇಕು, ಹಳೆಯ ಪೈಪುಗಳನ್ನು ಆಗಲೇ ಬದಲಿಸಬೇಕು. ಇಲ್ಲದಿದ್ದರೆ ಆರು ತಿಂಗಳಲ್ಲಿ ಸೋರಿಕೆ ಎಂದು ಹೊಸ ರಸ್ತೆ ಕತ್ತರಿಸುತ್ತಾರೆ, ಆ ತೇಪೆ ಮತ್ತೆ ಯಾವತ್ತೂ ಸಮ ಆಗುವುದಿಲ್ಲ. ಮಟ್ಟವನ್ನೂ ನೋಡಬೇಕು: ಹಳೆಯ ಡಾಮರಿನ ಮೇಲೆಯೇ ಕಾಂಕ್ರೀಟ್ ಹಾಕಿದರೆ ರಸ್ತೆ ಮುಕ್ಕಾಲು ಅಡಿ ಏರುತ್ತದೆ, ಅಂಗಳ ತಗ್ಗಾಗುತ್ತದೆ, ಮಳೆನೀರು ಗೇಟಿನೊಳಗೆ. ಹಾಕಿದ ಮೇಲೆ ಕನಿಷ್ಠ 14 ದಿನ ಗೋಣಿ ಹಾಸಿ ನೀರು ಹಿಡಿಸಬೇಕು. "ಬೈಕ್ ಅಲ್ಲವಾ, ಹೋಗಲಿ ಬಿಡಿ" ಎನ್ನುವವರನ್ನು ತಡೆಯಲು ಅಲ್ಲಿ ಒಬ್ಬರು ಬೇಕು.

ಒಂದು ಚರಂಡಿ ಆಗಬೇಕಾದರೆ ಫೈಲು ಹೋಗುವ ದಾರಿ ತಿಳಿದುಕೊಂಡರೆ ಕಾರ್ಪೊರೇಟರ್ ಮೇಲಿನ ಕೋಪ ಸರಿಯಾದ ಜಾಗಕ್ಕೆ ಹೋಗುತ್ತದೆ. ಅರ್ಜಿ ಬಂದ ಮೇಲೆ ಜೂನಿಯರ್ ಇಂಜಿನಿಯರ್ ಜಾಗ ನೋಡಿ ಎಸ್.ಆರ್. ದರದಲ್ಲಿ (ಸರಕಾರ ನಿಗದಿ ಮಾಡಿದ ದರಪಟ್ಟಿಯಂತೆ) ಅಂದಾಜುಪಟ್ಟಿ ಮಾಡಬೇಕು. ಅದು ಕ್ರಿಯಾಯೋಜನೆಗೆ ಸೇರಬೇಕು, ಯಾವ ಅನುದಾನ ಎಂದು ನಿಗದಿ ಆಗಬೇಕು: ಪಾಲಿಕೆಯ ಸ್ವಂತ ನಿಧಿಯೋ, ಕೇಂದ್ರ ಹಣಕಾಸು ಆಯೋಗದ್ದೋ, ರಾಜ್ಯ ಹಣಕಾಸು ಆಯೋಗದ (ಎಸ್‌ಎಫ್‌ಸಿ) ಅನುದಾನವೋ. ಪರಿಶಿಷ್ಟ ಜಾತಿ, ಪಂಗಡದವರ 24.10, ಇತರ ಬಡವರ 7.25, ಅಂಗವಿಕಲರ 5 ಶೇಕಡಾ, ಇವು ಮೀಸಲು, ಬೇರೆ ಕೆಲಸಕ್ಕೆ ಮುಟ್ಟುವ ಹಾಗಿಲ್ಲ. ಆಮೇಲೆ ಆಡಳಿತಾತ್ಮಕ ಮಂಜೂರಾತಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಕರಾರು, ವರ್ಕ್ ಆರ್ಡರ್. ಒಂದೊಂದು ಮೇಜಿನಲ್ಲೂ ಫೈಲು ಕೂರಬಹುದು. "ಮಂಜೂರಾಗಿದೆ" ಎಂಬ ಮಾತಿಗೆ ಈ ಮೆಟ್ಟಿಲುಗಳಲ್ಲಿ ಯಾವುದರ ಅರ್ಥವೂ ಇರಬಹುದು, ಹಾಗಾಗಿ ಯಾವ ಮಂಜೂರಾತಿ ಎಂದು ಕೇಳಿ. ಕಾಲದ ಲೆಕ್ಕ ಇನ್ನೂ ಮುಖ್ಯ. ಏಪ್ರಿಲಿನಲ್ಲಿ ಅಂದಾಜುಪಟ್ಟಿ ಆದ ಕೆಲಸ ಟೆಂಡರ್ ಮುಗಿಯುವಾಗ ಮಳೆ ಶುರು, ಮತ್ತೆ ಅಕ್ಟೋಬರ್ ತನಕ ಮಣ್ಣು ಅಗೆಯಲು ಆಗುವುದಿಲ್ಲ, ಒಂದು ಮಳೆಗಾಲ ಹೋಯಿತು. ಮುಂದಿನ ಮಳೆಗೆ ಚರಂಡಿ ಬೇಕಾದರೆ ಅರ್ಜಿ ಮಳೆ ನಿಂತ ಕೂಡಲೇ ಕೊಡಬೇಕು.

ಎಲ್ಲವೂ ಕಾರ್ಪೊರೇಟರ್ ಕೈಯಲ್ಲಿ ಇಲ್ಲ. ರಾಷ್ಟ್ರೀಯ ಹೆದ್ದಾರಿ 66, 73, 169ರ ಹೊಂಡ ಪಾಲಿಕೆಯದ್ದಲ್ಲ. ಬೀದಿದೀಪದ ಬಲ್ಬು ಪಾಲಿಕೆಯದ್ದು, ಕರೆಂಟ್ ಲೈನು ಮೆಸ್ಕಾಂನದ್ದು, ತಂತಿ ತುಂಡಾದರೆ 1912ಕ್ಕೆ ಫೋನ್ ಮಾಡಬೇಕು. ಸಿಂಗಲ್ ಸೈಟ್ ಅನುಮೋದನೆ ಮುಡಾದಲ್ಲಿ (ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ). ಇದನ್ನೆಲ್ಲ ಜನರಿಗೆ ನೇರವಾಗಿ ಹೇಳುವ ಬದಲು "ಮಾಡಿಸುವ" ಎನ್ನುವ ಸದಸ್ಯರು ಇದ್ದಾರೆ. ಅದರಿಂದ ಯಾರಿಗೂ ಉಪಕಾರ ಇಲ್ಲ.

ಸಂಜೆಯಾದರೆ ಸಭೆ ಸಮಾರಂಭ. ಬ್ರಹ್ಮಕಲಶ, ನೇಮ, ಬಯಲಾಟ, ಚರ್ಚಿನ ಫೆಸ್ಟ್, ಉರೂಸ್, ಮದುವೆ, ಸಾವಿನ ಮನೆ. ಹೋಗದಿದ್ದರೆ "ಗೆದ್ದ ಮೇಲೆ ಕಾಣುವುದೇ ಇಲ್ಲ" ಎನ್ನುತ್ತಾರೆ. ಹೋದರೆ ಊಟದ ಸಾಲಿನಲ್ಲೇ ನಾಲ್ಕು ದೂರು. ಹೀಗೆ ಬಾಯಿಮಾತಿನಲ್ಲಿ ಹೇಳಿದ ದೂರು ಮರುದಿನಕ್ಕೆ ಉಳಿಯುವುದಿಲ್ಲ, ಅದಕ್ಕೆ ಅವರನ್ನು ದೂರಬೇಡಿ. ಡೋರ್ ನಂಬರ್, ಎಷ್ಟು ಮೀಟರ್ ಉದ್ದ, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು, ಒಂದು ಫೋಟೊ, ಇಷ್ಟು ಬರೆದು ಕೊಟ್ಟು, ಲಾಲ್‌ಬಾಗಿನ ಪಾಲಿಕೆ ಕಚೇರಿಯ ಟಪಾಲಿನಲ್ಲೋ ವಲಯ ಕಚೇರಿಯಲ್ಲೋ ಒಂದು ಪ್ರತಿ ಹಾಕಿ ಸ್ವೀಕೃತಿ ಸಂಖ್ಯೆ ತೆಗೆದುಕೊಳ್ಳಿ. ಆ ಸಂಖ್ಯೆ ಇದ್ದರೆ ಸದಸ್ಯರಿಗೂ ಮೇಜಿನೆದುರು ನಿಂತು ಕೇಳಲು ಬಲ.

ಅರ್ಧದಷ್ಟು ಸೀಟು ಮಹಿಳೆಯರದ್ದು. ಹಾಗಿದ್ದೂ ಕೆಲವು ವಾರ್ಡುಗಳಲ್ಲಿ ಫೋನ್ ಎತ್ತುವುದು ಗಂಡ, ಜಾಗ ನೋಡಲು ಬರುವುದು ಗಂಡ, ಇಂಜಿನಿಯರ್ ಹತ್ತಿರ ಮಾತಾಡುವುದೂ ಗಂಡ. ನಮ್ಮ ಪಾಲೂ ಇದರಲ್ಲಿ ಉಂಟು. ಅಕ್ಕನ ನಂಬರ್ ಇದ್ದರೂ ನಾವು ಫೋನ್ ಮಾಡುವುದು ಭಾವನಿಗೆ. ಕೊಡಪಾನ ಹಿಡಿದು ನಳ್ಳಿಯ ಹತ್ತಿರ ಕಾದವರಿಗೆ ನೀರಿನ ವಿಷಯ ಬೇರೆಯವರು ಕಲಿಸಬೇಕಾಗಿಲ್ಲ. ನೇರ ಅವರಿಗೇ ಫೋನ್ ಮಾಡಿ.

ವಾರ್ಡ್ ಸಮಿತಿ ಎಂಬ ಒಂದು ದಾರಿಯೂ ಇದೆ. ಮಂಗಳೂರಿನಲ್ಲಿ ಅದು ಬಂದದ್ದು ನಾಗರಿಕರು ಹೈಕೋರ್ಟಿಗೆ ಹೋದ ಮೇಲೆ. ಕಾರ್ಪೊರೇಟರ್ ಅಧ್ಯಕ್ಷರು, ವಾರ್ಡಿನವರೇ 10 ಮಂದಿ ಸದಸ್ಯರು. ಅಲ್ಲಿ ಓದಿ ಹೇಳಿದ ಕಾಮಗಾರಿ ಪಟ್ಟಿ ಕಡತಕ್ಕೆ ಹೋಗುತ್ತದೆ, ಯಾವ ಚರಂಡಿ ಮೊದಲು ಎಂಬ ಚರ್ಚೆ ಎಲ್ಲರ ಎದುರು ಆಗುತ್ತದೆ. ಹಲವು ಸದಸ್ಯರಿಗೆ ಇದು ತಮ್ಮ ಅಧಿಕಾರಕ್ಕೆ ಅಡ್ಡ ಎಂದು ಕಂಡಿತು. ನನ್ನ ಅಭಿಪ್ರಾಯದಲ್ಲಿ ಒಳ್ಳೆಯ ಕಾರ್ಪೊರೇಟರ್‌ಗೆ ಇದಕ್ಕಿಂತ ದೊಡ್ಡ ಆಸರೆ ಇಲ್ಲ: ನೂರು ಮನೆಯವರು ನೂರು ಕೆಲಸ ಕೇಳುವಾಗ "ಸಮಿತಿಯಲ್ಲಿ ಬರೆದದ್ದು ಇದು" ಎಂದು ತೋರಿಸಬಹುದು. ಮತ ಕೇಳಲು ಬರುವವರ ಹತ್ತಿರ ಇನ್ನೇನೂ ಕೇಳದಿದ್ದರೂ ಸಮಿತಿಯ ಸಭೆ ಪ್ರತಿ ತಿಂಗಳು ಯಾವ ದಿನ, ಯಾವ ಶಾಲೆಯಲ್ಲಿ ಕರೆಯುತ್ತೀರಿ, ನಡಾವಳಿಯ ಪ್ರತಿ ಎಲ್ಲಿ ಅಂಟಿಸುತ್ತೀರಿ ಎಂದು ಕೇಳಿ, ಉತ್ತರವನ್ನು ನಿಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ಹಾಕಿ.