ಫಾರ್ವರ್ಡಿಂಗ್ ಆಫೀಸಿನ ದುಡ್ಡು ಮೊದಲು ಸಾಫ್ಟ್‌ವೇರ್‌ಗೋ, ಹುಡುಗರಿಗೋ?

ಹತ್ತು ಹನ್ನೆರಡು ಜನರ ಫ್ರೈಟ್ ಫಾರ್ವರ್ಡಿಂಗ್ ಆಫೀಸು, ಅಂದರೆ ಬೇರೆಯವರ ಸರಕನ್ನು ವಿದೇಶಕ್ಕೆ ಕಳಿಸುವ, ಅಲ್ಲಿಂದ ತರಿಸುವ, ಅದರ ಕಾಗದಪತ್ರ ನೋಡಿಕೊಳ್ಳುವ ಆಫೀಸು. ಈ ವರ್ಷ ಕೈಯಲ್ಲಿ ಒಂದಿಷ್ಟು ದುಡ್ಡು ಉಳಿದಿದೆ. ಹೊಸ ಸಾಫ್ಟ್‌ವೇರ್ ತರುವುದೋ, ಇರುವ ಹುಡುಗರಿಗೆ ಕೆಲಸ ಕಲಿಸುವುದೋ? ಎರಡೂ ಕಡೆ ನಾನೇ ವಾದ ಮಾಡುತ್ತೇನೆ. ನನ್ನ ಒಲವು ಯಾವ ಕಡೆ ಅಂತ ನಿಮಗೇ ಗೊತ್ತಾಗುತ್ತದೆ.

ಪರ: ಸಾಫ್ಟ್‌ವೇರೇ ಮೊದಲು

ಕಂಟೇನರ್ ಮೇಲಿನ ನಂಬರ್ ನೋಡಿದ್ದೀರಾ? ನಾಲ್ಕು ಅಕ್ಷರ, ಏಳು ಅಂಕಿ. ಕೊನೆಯ ಅಂಕಿಯನ್ನು ಸುಮ್ನೆ ಇಟ್ಟಿಲ್ಲ. ಅದರ ಹಿಂದಿನ ಹತ್ತನ್ನೂ ಲೆಕ್ಕ ಹಾಕಿದರೆ ಬರಬೇಕಾದ ತಾಳೆ ಅಂಕಿ ಅದು. ಮಧ್ಯೆ ಎಲ್ಲೋ 5ರ ಬದಲು 6 ಒತ್ತಿದರೆ ತಾಳೆ ತಪ್ಪುತ್ತದೆ, ಸಾಫ್ಟ್‌ವೇರ್ ಕೆಂಪು ತೋರಿಸುತ್ತದೆ. ನಮ್ಮ ಎಕ್ಸೆಲ್ ಹಾಳೆ ತೆಪ್ಪಗಿರುತ್ತದೆ.

ಒಂದೇ ಮಾಹಿತಿಯನ್ನು ನಾವು ಎಷ್ಟು ಸಲ ಟೈಪ್ ಮಾಡುತ್ತೇವೆ ಎಣಿಸಿ. ಪಾರ್ಟಿಯ (ನಮ್ಮ ಗ್ರಾಹಕರ) ಇನ್‌ವಾಯ್ಸ್ ನೋಡಿ ಚೆಕ್‌ಲಿಸ್ಟ್ (ಫೈಲ್ ಮಾಡುವ ಮೊದಲಿನ ಕರಡು), ಅದನ್ನು ನೋಡಿ ಶಿಪ್ಪಿಂಗ್ ಬಿಲ್ (ರಫ್ತಿಗೆ ಕಸ್ಟಮ್ಸ್‌ಗೆ ಕೊಡುವ ಕಾಗದ), ಆಮೇಲೆ ಬಿ.ಎಲ್. (ಬಿಲ್ ಆಫ್ ಲೇಡಿಂಗ್, ಹಡಗಿನವರು ಕೊಡುವ ಸರಕಿನ ರಸೀದಿ) ಡ್ರಾಫ್ಟ್, ಕೊನೆಗೆ ನಮ್ಮದೇ ಬಿಲ್ಲು. ನಾಲ್ಕು ಸಲವೂ ತಪ್ಪಾಗಬಹುದು. ಸಾಫ್ಟ್‌ವೇರ್‌ನಲ್ಲಾದರೆ ಒಂದು ಸಲ ಟೈಪ್ ಮಾಡಿದರೆ ಸಾಕು. ಬಿ.ಎಲ್. ತಿದ್ದಲು ಶಿಪ್ಪಿಂಗ್ ಲೈನ್‌ನವರು ದುಡ್ಡು ಕೇಳುತ್ತಾರೆ. ಅದನ್ನು ಪಾರ್ಟಿಯ ಹತ್ತಿರ ಕೇಳಲು ನಮಗೆ ಬಾಯಿ ಬರುವುದಿಲ್ಲ. ಆಮದಿನಲ್ಲಿ ಇನ್ನೂ ಕಷ್ಟ. ಬಿಲ್ ಆಫ್ ಎಂಟ್ರಿ (ಆಮದಿಗೆ ಕಸ್ಟಮ್ಸ್‌ಗೆ ಕೊಡುವ ಕಾಗದ) ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ ಶುಲ್ಕ, ಆಮೇಲೆ ದಿನಕ್ಕೆ 10,000. ಹಡಗು ಬರುವ ದಿನವನ್ನು ಗೋಡೆ ಕ್ಯಾಲೆಂಡರ್ ನಂಬಿ ಕಾಯುವುದು ಜಾಣತನವೇ?

ಇನ್ನೊಂದು ಮಾತು. 2020ರ ಜೂನ್‌ನಲ್ಲಿ ಬೆಂಗಳೂರು, ಚೆನ್ನೈಗಳಲ್ಲಿ ಕಸ್ಟಮ್ಸ್‌ನ ಫೇಸ್‌ಲೆಸ್ ಅಸೆಸ್‌ಮೆಂಟ್ ಶುರುವಾಯಿತು. ಅದೇ ವರ್ಷ ದೇಶಕ್ಕೆಲ್ಲ ಬಂತು. ಬೆಂಗಳೂರಿನಲ್ಲಿ ಇಳಿದ ಸರಕಿನ ಕಾಗದವನ್ನು ಈಗ ಬೇರೆ ಊರಿನ ಅಧಿಕಾರಿ ನೋಡಬಹುದು. 'ಸಾಹೇಬರು ನಮಗೆ ಗೊತ್ತು' ಅನ್ನುವ ಬಂಡವಾಳ ಕರಗಿತು. ಇನ್ನು ಕಾಗದವೇ ಮಾತಾಡಬೇಕು, ಅದರಲ್ಲಿ ತಪ್ಪಿರಬಾರದು.

ವಿರೋಧ: ಮೊದಲು ಹುಡುಗರು

ತಾಳೆ ಅಂಕಿ ನಂಬರ್ ಸರಿಯಿದೆಯೇ ಅಂತ ಹೇಳುತ್ತದೆ, ಅಷ್ಟೇ. ಪೆಟ್ಟಿಗೆಯೊಳಗೆ ಇರುವುದು ಇಡೀ ಗೇರುಬೀಜವೋ, ತುಂಡೋ ಅಂತ ಹೇಳುವುದಿಲ್ಲ. ಮಂಗಳೂರಿನಲ್ಲಿ ಇದು ದಿನದ ಮಾತು. ಕಸ್ಟಮ್ಸ್ ಕಾಗದದಲ್ಲಿ ಇಡೀ ಬೀಜದ ಕೋಡ್ 08013220, ತುಂಡಿನದು 08013210. ಎರಡೂ ಸರಿಯಾದ ಕೋಡ್‌ಗಳೇ ಆದ್ದರಿಂದ ಸಾಫ್ಟ್‌ವೇರ್ ಎರಡನ್ನೂ ಒಪ್ಪುತ್ತದೆ.

ನಾನು ಕಂಡದ್ದನ್ನೇ ಹೇಳುತ್ತೇನೆ. ಹೊಸ ಹುಡುಗನೊಬ್ಬ ಅದೇ ಪಾರ್ಟಿಯ ಹಳೆ ಜಾಬ್ (ಹಿಂದಿನ ಸರಕಿನ ದಾಖಲೆ) ಕಾಪಿ ಮಾಡಿ, ತೂಕ, ರೇಟು ಮಾತ್ರ ಬದಲಿಸಿದ. ಹಿಂದಿನ ಸಲ ಹೋದದ್ದು ಡಬ್ಲ್ಯೂ 320, ಅಂದರೆ ಪೌಂಡಿಗೆ 300ರಿಂದ 320 ತೂಗುವ ಇಡೀ ಬೀಜ. ಈ ಸಲ ಪ್ಯಾಕಿಂಗ್ ಲಿಸ್ಟ್‌ನಲ್ಲಿ ಎಲ್‌ಡಬ್ಲ್ಯೂಪಿ ಅಂತಿತ್ತು, ಅದು ತುಂಡು. ಪಾರ್ಟಿಯವರೂ ಚೆಕ್‌ಲಿಸ್ಟ್‌ಗೆ ಓಕೆ ಅಂದರು. (ಅವರು ಯಾವತ್ತು ಓದಿದ್ದಾರೆ?) ಪಕ್ಕದ ಮೇಜಿನ ಹಿರಿಯರು ಚಹಾ ಹಿಡಿದು ಹೋಗುತ್ತಾ ಸ್ಕ್ರೀನ್ ನೋಡಿ ನಿಂತರು. 'ಈ ರೇಟಿಗೆ ಇಡೀ ಬೀಜ ಯಾರು ಕೊಡ್ತಾರೆ ಮಾರಾಯ?' ಫೈಲ್ ಮಾಡುವ ಮೊದಲೇ ಸಿಕ್ಕಿತು. ಸಿಗದಿದ್ದರೆ ಆ ಒಂದು ತಪ್ಪು ನಾಲ್ಕು ಕಾಗದಕ್ಕೂ ಅಚ್ಚುಕಟ್ಟಾಗಿ ಇಳಿಯುತ್ತಿತ್ತು. ಮತ್ತೆ ಟೈಪ್ ಮಾಡುವುದು ಬೇಡ ಅನ್ನುವುದರ ಇನ್ನೊಂದು ಮುಖ ಇದು.

ಫೇಸ್‌ಲೆಸ್ ಬಂದ ಮೇಲೆ ಅಂತೂ ಕಸ್ಟಮ್ಸ್‌ನಿಂದ ಕ್ವೆರಿ (ಪ್ರಶ್ನೆ) ಬಂದರೆ ಬರೆದೇ ಉತ್ತರ ಕೊಡಬೇಕು. ಎದುರು ಕೂತು ವಿವರಿಸುವ ಅವಕಾಶ ಕಡಿಮೆ. ಸರಕು ಗೊತ್ತಿಲ್ಲದವನು ಏನು ಬರೆಯುತ್ತಾನೆ?

2023ರ ಕೊನೆಗೆ ಕೆಂಪು ಸಮುದ್ರದಲ್ಲಿ ದಾಳಿ ಶುರುವಾದಾಗ ದೊಡ್ಡ ಲೈನ್‌ಗಳು ಆಫ್ರಿಕಾ ಸುತ್ತಿ ಹೋಗತೊಡಗಿದವು. ಯುರೋಪಿಗೆ ಹೊರಟ ಕಾಫಿ ತಡ ಅಂತ ಟ್ರ್ಯಾಕಿಂಗ್‌ನಲ್ಲಿ ಕಂಡಿತು, ನಿಜ. ಆದರೆ ಮುಂದಿನ ಲೋಡಿಗೆ ಹಡಗು ಸಿಗುವುದು ಕಷ್ಟ, ಎಲ್.ಸಿ. (ಗಡುವಿನೊಳಗೆ ಸರಕು ಕಳಿಸಿದರೆ ದುಡ್ಡು ಕೊಡುತ್ತೇವೆ ಅನ್ನುವ ಬ್ಯಾಂಕಿನ ಪತ್ರ) ದಿನಾಂಕ ಈಗಲೇ ಮುಂದೆ ಹಾಕಿಸಿಕೊಳ್ಳಿ ಅಂತ ಪಾರ್ಟಿಗೆ ಫೋನ್ ಮಾಡಲು ಎಲ್.ಸಿ. ಓದಲು ಬರುವವರು ಬೇಕು.

ಕಸ್ಟಮ್ಸ್ ಕೆಲಸಕ್ಕೆ ಅಧಿಕೃತ ಕಾರ್ಡ್ ಕೊಡಿಸುವ ಜಿ ಕಾರ್ಡ್ ಪರೀಕ್ಷೆ ಪಾಸಾದ ಹುಡುಗ ಮರು ತಿಂಗಳೇ ಬೇರೆ ಕಡೆ ಹೋಗುತ್ತಾನೆ ಅನ್ನುವ ದೂರು ನಿಜ. ಸಂಬಳ ಜಾಸ್ತಿ ಮಾಡಿ ನೋಡಿ. ಸಾಫ್ಟ್‌ವೇರ್‌ನವರು ಚಂದಾ ಏರಿಸಿದಾಗ ಒಂದು ಮಾತೂ ಆಡದೆ ಕಟ್ಟುತ್ತೀರಿ, ಅಲ್ವಾ?